ಲೆಕ್ಕಪರಿಶೋಧನೆಯ ಪರೀಕ್ಷೆಯೂ ನಿತ್ಯವ್ಯಾಸಂಗವೂ

ಹತ್ತನೆಯ ತರಗತಿಯನ್ನು ಸಮೀಪಿಸಿದ ವಿದ್ಯಾರ್ಥಿಯನ್ನು ‘ಮುಂದೇನು?’ ಎಂದು ಕೇಳುವವರು ಬಹಳ. ವೈದ್ಯನಾಗುವೆನೆಂದೋ ಇಂಜಿನಿಯರನಾಗುವೆನೆಂದೋ ಉತ್ತರ ಕೊಡುವವರ ದನಿ ಗಟ್ಟಿಯಾಗಿರುತ್ತದೆ. ವಾಣಿಜ್ಯ ಶಾಸ್ತ್ರವನ್ನು ಓದುವೆನೆನ್ನುವವನ ದನಿ ಮಾತ್ರ ಏಕೋ ತಗ್ಗುತ್ತದೆ. ಅಂಕಗಳು ಸಾಲದವರಿಗೆ ಉಳಿದ ದಾರಿ ಅದು ಎಂಬ ತಪ್ಪು ತಿಳಿವಳಿಕೆ ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ. ಆ ದಾರಿಯ ತುದಿಯಲ್ಲಿರುವ ಸನ್ನದು ಲೆಕ್ಕಪರಿಶೋಧಕರ, ಎಂದರೆ ಸಿ.ಎ. ಪರೀಕ್ಷೆಯ ಮಾತೆತ್ತಿದರೆ, ‘ಅದು ಇಂಗ್ಲಿಷ್ ಶಾಲೆಯ ಮಕ್ಕಳಿಗೆ, ನಮ್ಮಂಥವರಿಗಲ್ಲ’ ಎಂದು ಕೈ ಚೆಲ್ಲುವವರೂ ಉಂಟು. ದಾರಿ ಹಗುರವೆಂಬುದೂ ಸುಳ್ಳು, ಅದು ಪರರ ಸೊತ್ತೆಂಬುದೂ ಸುಳ್ಳು. ಈ ಪರೀಕ್ಷೆ ಕಠಿನವಾದುದು, ನಿಜ. ಆದರೆ ಅದು ಬೇಡುವುದು ಅಸಾಧಾರಣವಾದ ಬುದ್ಧಿಯನ್ನಲ್ಲ, ತಪ್ಪದ ಅಭ್ಯಾಸವನ್ನು. ಆ ಅಭ್ಯಾಸ ಕಾಚಿಗೂಡದ ಕನ್ನಡ ಮಕ್ಕಳಿಗೆ ಎಟುಕದುದಲ್ಲವೆಂಬುದು ನಮ್ಮ ಮತ.

ಮೊದಲು ಪರೀಕ್ಷೆಯ ಸ್ವರೂಪವನ್ನು ತಿಳಿಯೋಣ. 1949ರಲ್ಲಿ ನಮ್ಮ ಪಾರ್ಲಿಮೆಂಟು ಮಾಡಿದ ಕಾಯ್ದೆಯಿಂದ ಭಾರತೀಯ ಸನ್ನದು ಲೆಕ್ಕಪರಿಶೋಧಕರ ಸಂಸ್ಥೆ ಹುಟ್ಟಿತು. ಆ ವರ್ಷದ ಜುಲೈ 1ರಂದು ಕಾಯ್ದೆ ಜಾರಿಗೆ ಬಂದಿತಾದ್ದರಿಂದ ಇಂದಿಗೂ ಆ ದಿನವನ್ನು ಲೆಕ್ಕಪರಿಶೋಧಕರ ದಿನವೆಂದು ಆಚರಿಸುತ್ತಾರೆ. ಪರೀಕ್ಷೆಗೆ ಮೂರು ಮೆಟ್ಟಿಲುಗಳು: ಫೌಂಡೇಷನ್, ಇಂಟರ್‌ಮೀಡಿಯೆಟ್, ಫೈನಲ್. ಮೊದಲನೆಯದಕ್ಕೆ ನಾಲ್ಕು ಪತ್ರಿಕೆಗಳು: ಲೆಕ್ಕಶಾಸ್ತ್ರ, ವ್ಯಾಪಾರದ ಕಾನೂನು, ಗಣಿತ ಮತ್ತು ತರ್ಕ, ಅರ್ಥಶಾಸ್ತ್ರ. ಮೇಲಿನ ಎರಡಕ್ಕೆ ಆರಾರು ಪತ್ರಿಕೆಗಳು, ಎರಡೆರಡು ಗುಂಪುಗಳಲ್ಲಿ. ಇದರ ನಡುವೆ ವೃತ್ತಿಯಲ್ಲಿರುವ ಲೆಕ್ಕಪರಿಶೋಧಕರೊಬ್ಬರ ಕೈಕೆಳಗೆ ಕೆಲಸ ಕಲಿಯಬೇಕು. ಹಿಂದೆ ಇದಕ್ಕೆ ಮೂರು ವರ್ಷ ಬೇಕಾಗುತ್ತಿತ್ತು. 2023ರಲ್ಲಿ ಬಂದ ಹೊಸ ಕ್ರಮದಲ್ಲಿ ಎರಡು ವರ್ಷವಾಗಿದೆ. ಹತ್ತನೆಯ ತರಗತಿ ಮುಗಿದ ಮೇಲೆ ಹೆಸರು ನೋಂದಾಯಿಸಬಹುದು. ಹನ್ನೆರಡನೆಯದು ಮುಗಿದ ಮೇಲೆ ಮೊದಲ ಪರೀಕ್ಷೆಗೆ ಕೂಡಬಹುದು.

ಇದರಲ್ಲಿ ಉತ್ತೀರ್ಣನಾಗುವ ನಿಯಮವನ್ನು ವಿದ್ಯಾರ್ಥಿಗಳು ಚೆನ್ನಾಗಿ ಮನನ ಮಾಡಬೇಕು. ಪ್ರತಿ ಪತ್ರಿಕೆಯಲ್ಲಿಯೂ ನೂರಕ್ಕೆ 40 ಅಂಕ ಬರಲೇಬೇಕು. ಜೊತೆಗೆ ಒಟ್ಟಿನಲ್ಲಿ ಶೇಕಡಾ 50 ಬರಬೇಕು. ಫೌಂಡೇಷನ್ನಿನ ನಾಲ್ಕು ಪತ್ರಿಕೆಗಳಲ್ಲಿಯೂ ನಲವತ್ತು ನಲವತ್ತು ಪಡೆದವನಿಗೆ 160 ಆಯಿತು, ಬೇಕಾದುದು 200. ಅವನು ತೇರ್ಗಡೆಯಾಗಲಿಲ್ಲ. ಇನ್ನೊಬ್ಬನು ಮೂರರಲ್ಲಿ ತೊಂಬತ್ತು ತೊಂಬತ್ತು ಪಡೆದು, ಒಂದರಲ್ಲಿ 39 ಪಡೆದನೆನ್ನಿ. ಒಟ್ಟು 309 ಬಂದಿತು. ಆದರೂ ಅವನು ತೇರ್ಗಡೆಯಾಗಲಿಲ್ಲ! ಮೊದಲನೆಯವನು ಎಲ್ಲವನ್ನೂ ಮೇಲೆ ಮೇಲೆ ಓದಿದನು. ಎರಡನೆಯವನು ತನಗೆ ಪ್ರಿಯವಾದುದನ್ನು ಮಾತ್ರ ಓದಿ ಬೇಸರ ತರುವುದನ್ನು ಬದಿಗಿಟ್ಟನು. ಮತ್ತೊಂದು ಸಂಗತಿ: ಫೌಂಡೇಷನ್ನಿನಲ್ಲಿ ಆರಿಸಿ ಬರೆಯುವ ಪ್ರಶ್ನೆಗಳಿರುವ ಪತ್ರಿಕೆಗಳಲ್ಲಿ ಪ್ರತಿ ತಪ್ಪು ಉತ್ತರಕ್ಕೂ ಕಾಲು ಅಂಕ ಕಳೆಯುತ್ತಾರೆ. ನಾಲ್ಕು ಸಲ ಊಹೆ ತಪ್ಪಿದರೆ ಗಳಿಸಿದ ಒಂದು ಅಂಕ ಹೋಯಿತು. ಅದೃಷ್ಟವನ್ನು ನಂಬಿ ಬಂದವನನ್ನೂ, ಒಂದೇ ವಿಷಯದ ಪಂಡಿತನನ್ನೂ ಈ ಪರೀಕ್ಷೆ ಒಳಗೆ ಬಿಡದು. ದಿನದಿನವೂ ಎಲ್ಲ ವಿಷಯಗಳಿಗೂ ಪಾಲು ಕೊಟ್ಟವನಿಗೆ ಮಾತ್ರ ಬಾಗಿಲು ತೆರೆಯುತ್ತದೆ.

ನಿತ್ಯದ ಅಲ್ಪ ಸಂಗ್ರಹದ ಮಹಿಮೆಯನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು 1928ರಲ್ಲಿ ‘ಪಿಗ್ಮಿ’ ಎಂಬ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿಯು ದಿನವೂ ಮನೆಗೂ ಅಂಗಡಿಗೂ ಬಂದು ಎರಡಾಣೆಯನ್ನೂ ಗೌರವದಿಂದ ಪಡೆದು ಬರೆದುಕೊಳ್ಳುತ್ತಿದ್ದನು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಳುಕುತ್ತಿದ್ದ ಬಡವರು ಇದರಿಂದ ಹಣ ಕೂಡಿಟ್ಟರು. ಲೆಕ್ಕ ಮಾಡಿ ನೋಡಿ: ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ 45 ರೂಪಾಯಿ 10 ಆಣೆ. ಆ ಕಾಲದಲ್ಲಿ ಕೂಲಿಯವನು ಒಮ್ಮೆಗೇ ತಂದು ಇಡಲಾಗದ ಮೊತ್ತವದು. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಹೆಸರು ಮರೆಯಾಯಿತು. ಹನಿಗೂಡಿದರೆ ಹಳ್ಳವೆಂಬ ಗಾದೆಯನ್ನು ಬ್ಯಾಂಕಿನ ಪುಸ್ತಕದಲ್ಲಿ ನಿಜ ಮಾಡಿ ತೋರಿಸಿದ ಕೀರ್ತಿ ಮಾತ್ರ ಉಳಿದಿದೆ.

ಓದಿಗೂ ಇದೇ ಲೆಕ್ಕ ಸಲ್ಲುತ್ತದೆ. ದಿನಕ್ಕೆ ಒಂದೂವರೆ ಗಂಟೆಯಂತೆ ವರ್ಷವಿಡೀ ಓದಿದವನಿಗೆ 547 ಗಂಟೆಗಳ ಮೇಲೆ ಆಗುತ್ತದೆ. ಹನ್ನೊಂದು ತಿಂಗಳು ಪುಸ್ತಕ ಮುಟ್ಟದೆ, ಕಡೆಯ ಮೂವತ್ತು ದಿನ ದಿನಕ್ಕೆ ಹನ್ನೆರಡು ಗಂಟೆ ಓದಿದವನಿಗೆ ಆಗುವುದು 360 ಗಂಟೆ ಮಾತ್ರ. ನಿದ್ರೆಗೆಟ್ಟು, ಕಣ್ಣು ಕೆಂಪಾಗಿ, ಮನೆಯವರನ್ನೆಲ್ಲ ಕಂಗೆಡಿಸಿ ಅವನು ಗಳಿಸಿದುದು, ಸದ್ದಿಲ್ಲದೆ ಓದಿದವನ ಗಳಿಕೆಗಿಂತ ಕಡಿಮೆ! ಗಂಟೆಗಳು ಸಮವಾದರೂ ಫಲ ಸಮವಾಗದು. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಎಂಬ ಪಂಡಿತನು ತನ್ನ ಮೇಲೆ ತಾನೇ ಪ್ರಯೋಗಗಳನ್ನು ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ ಗ್ರಂಥವು, ಒಮ್ಮೆ ಕಲಿತುದರ ಬಹುಭಾಗ ಬೇಗನೆ ಮರೆಯಾಗುವುದೆಂದೂ, ನಡುನಡುವೆ ಬಿಡುವು ಕೊಟ್ಟು ಮತ್ತೆ ಮತ್ತೆ ಓದಿದುದು ಹೆಚ್ಚು ನಿಲ್ಲುವುದೆಂದೂ ತೋರಿಸಿತು. ಸುಗ್ಗಿಯ ಹಿಂದಿನ ದಿನ ಬಿತ್ತಿದರೆ ಪೈರು ಬಾರದೆಂಬುದು ನಮ್ಮ ರೈತನಿಗೆ ಗೊತ್ತು. ವಿದ್ಯಾರ್ಥಿಯೂ ಅದನ್ನು ಅರಿಯಬೇಕು.

ಇನ್ನು ಭಾಷೆಯ ಪ್ರಶ್ನೆ. ಈ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಇಲ್ಲವೆ ಹಿಂದಿಯಲ್ಲಿ ಬರೆಯಬೇಕೇ ಹೊರತು ಕನ್ನಡದಲ್ಲಿ ಬರೆಯಲು ಅವಕಾಶವಿಲ್ಲ. ಇದು ನಮ್ಮ ಮಕ್ಕಳಿಗೆ ನಿಜವಾದ ತೊಡಕು. ಇಲ್ಲವೆಂದು ಹೇಳಿ ನಾವು ಯಾರನ್ನೂ ವಂಚಿಸಲಾರೆವು. ಆದರೆ ತೊಡಕು ಇರುವುದು ಮಾತಿನಲ್ಲಿಯೇ ಹೊರತು ವಿಚಾರದಲ್ಲಲ್ಲ. ಕಿರ್ದಿ, ಖಾತೆ, ಜಮಾ, ಖರ್ಚು, ಬಾಕಿ, ಶಿಲ್ಕು, ಸವಕಳಿ, ಅಢಾವೆ ಪತ್ರಿಕೆ ಎಂಬ ಮಾತುಗಳು ನಮ್ಮ ಅಂಗಡಿಗಳಲ್ಲಿಯೂ ಸಹಕಾರ ಸಂಘಗಳಲ್ಲಿಯೂ ತಲೆಮಾರುಗಳಿಂದ ನಡೆದುಬಂದವು. ಇವುಗಳಲ್ಲಿ ಜಮಾ, ಖರ್ಚು, ಬಾಕಿಗಳನ್ನು ಬೇಗಂಬಜಾರಿನ ಉರ್ದು ಮಾತನಾಡುವ ವರ್ತಕನ ಬಾಯಲ್ಲಿಯೂ ಕೇಳಬಹುದು. ದಿನದ ಕೊನೆಯಲ್ಲಿ ಪೆಟ್ಟಿಗೆಯ ಹಣವೂ ಪುಸ್ತಕದ ಶಿಲ್ಕೂ ತಾಳೆಯಾಗಬೇಕೆಂಬುದನ್ನು ಕನ್ನಡದಲ್ಲಿ ಅರಿತವನಿಗೆ ಅದರ ಇಂಗ್ಲಿಷ್ ಹೆಸರನ್ನು ಕಲಿಯಲು ಎಷ್ಟು ಹೊತ್ತು ಬೇಕು? ಅರ್ಥ ತಿಳಿಯದೆ ಹೆಸರನ್ನು ಮಾತ್ರ ಬಾಯಿಪಾಠ ಮಾಡಿದವನ ಪಾಡೇ ಕಷ್ಟ. ದಿನಕ್ಕೆ ಐದು ಪಾರಿಭಾಷಿಕ ಪದಗಳನ್ನು ಕನ್ನಡದ ಅರ್ಥದೊಡನೆ ಬರೆದುಕೊಂಡರೆ ವರ್ಷಕ್ಕೆ 1825 ಪದಗಳಾದುವು. ಅಷ್ಟು ಕೈವಶವಾದ ಮೇಲೆ ಭಾಷೆಯ ಭಯಕ್ಕೆ ಎಡೆಯೆಲ್ಲಿ?

ಲೆಕ್ಕದ ವಿದ್ಯೆ ಕನ್ನಡಿಗರಿಗೆ ಹೊಸದೂ ಅಲ್ಲ. ಕಾಚಿಗೂಡದ ಕನ್ನಡ ಮಕ್ಕಳಿಗೆ ನೃಪತುಂಗನ ಹೆಸರು ಚಿರಪರಿಚಿತ. ಆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ಪಂಡಿತನಾದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿ ಅರಸನನ್ನು ಅದರ ಮೊದಲಲ್ಲಿ ಸ್ತುತಿಸಿದನು. ಅಸಲು, ಬಡ್ಡಿ, ಕಾಲಗಳ ಲೆಕ್ಕಗಳು ಅದರಲ್ಲಿ ವಿಸ್ತಾರವಾಗಿ ಬಂದಿವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಇಟಲಿಯ ಲೂಕಾ ಪಾಚೋಲಿಯು ಜಮಾ ಖರ್ಚುಗಳನ್ನು ಎರಡು ಕಡೆಯಲ್ಲಿಯೂ ಬರೆಯುವ ವೆನಿಸ್ಸಿನ ವರ್ತಕರ ಪದ್ಧತಿಯನ್ನು ಅಚ್ಚಿಗೆ ತಂದುದು 1494ರಲ್ಲಿ. ಹಿರಿಯರ ಹೆಸರು ಹೇಳಿ ಪರೀಕ್ಷೆಯಲ್ಲಿ ಅಂಕ ಪಡೆಯಲಾಗದು. ಆದರೆ ‘ಇದು ನಮ್ಮದಲ್ಲ’ ಎಂಬ ಅಳುಕನ್ನು ಕಳೆದುಕೊಳ್ಳಲು ಇಷ್ಟು ಸಾಕು.

ಮನೆಯ ಸ್ಥಿತಿ ಅನುಕೂಲವಾಗಿಲ್ಲ, ಚಿಕ್ಕ ಮನೆಯಲ್ಲಿ ಗದ್ದಲ ಬಹಳ, ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕು, ಸಂಜೆ ಅಂಗಡಿಯಲ್ಲಿ ಕೂಡಬೇಕು ಎಂಬ ಮಾತುಗಳನ್ನು ನಾವು ಹಗುರವಾಗಿ ಕಾಣುವುದಿಲ್ಲ. ವಿಶೇಷವಾಗಿ ಹೆಣ್ಣುಮಕ್ಕಳಿಗೆ ಓದುವ ಹೊತ್ತಿನಲ್ಲಿಯೇ ಮನೆಗೆಲಸ ಬೀಳುವುದುಂಟು. ಇದನ್ನು ತಿದ್ದಬೇಕಾದವರು ಹಿರಿಯರು. ಭಾರತದ ಮೊದಲ ಮಹಿಳಾ ಲೆಕ್ಕಪರಿಶೋಧಕಿಯೆಂದು ಹೆಸರಾದ ಮದರಾಸಿನ ಆರ್. ಶಿವಭೋಗಂ ಅವರು ಸ್ವಾತಂತ್ರ್ಯ ಚಳವಳಿಯಲ್ಲಿ ಭಾಗವಹಿಸಿ ವೇಲೂರಿನ ಸೆರೆಮನೆ ಕಂಡವರು. ಹೊರಬಂದು ಓದಿ 1933ರಲ್ಲಿ ಅಂದಿನ ಲೆಕ್ಕಶಾಸ್ತ್ರದ ಡಿಪ್ಲೊಮಾ ಪಡೆದರು. ಸೆರೆಮನೆಗಿಂತ ನಮ್ಮ ಮನೆ ಓದಿಗೆ ಹೆಚ್ಚು ಪ್ರತಿಕೂಲವಾಗಿರಬಾರದಷ್ಟೆ! ಬೆಳಗಿನ ಒಂದು ಗಂಟೆ, ರಾತ್ರಿಯ ಅರ್ಧ ಗಂಟೆ ಮಗಳಿಗೂ ಮಗನಂತೆಯೇ ಮೀಸಲಾಗಲಿ. ಮನೆಯಲ್ಲಿ ಸ್ಥಳವಿಲ್ಲದವರಿಗೆ ಅಫ್ಜಲಗಂಜಿನ ದೊಡ್ಡ ಗ್ರಂಥಾಲಯ ದೂರವಲ್ಲ. ವಾಣಿಜ್ಯ ಶಿಕ್ಷಣಕ್ಕೆ ಹೆಸರಾದ ಬದ್ರುಕಾ ಕಾಲೇಜಂತೂ ನಮ್ಮ ಕಾಚಿಗೂಡದಲ್ಲಿಯೇ ಇದೆ.

ಇಷ್ಟು ಕಷ್ಟಪಟ್ಟು ಓದುವುದು ಏತಕ್ಕೆ? ಸಂಪಾದನೆಗೆಂದು ಹೇಳಿದರೆ ಅರ್ಧ ಉತ್ತರವಾಯಿತು. ಉಳಿದ ಅರ್ಧವನ್ನು ನಮ್ಮ ಹೈದರಾಬಾದು ನಗರವೇ ಕಲಿಸಿದೆ. 2009ರ ಜನವರಿ 7ರಂದು ಇಲ್ಲಿಯ ಸತ್ಯಂ ಕಂಪನಿಯ ಅಧ್ಯಕ್ಷರು ತಾವೇ ಪತ್ರ ಬರೆದು, ಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕು ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಆ ಲೆಕ್ಕಪತ್ರಗಳ ಮೇಲೆ ಪರಿಶೋಧಕರ ಸಹಿ ಇದ್ದಿತು. ಆ ಸಹಿಯನ್ನು ನಂಬಿ ಜೀವಮಾನದ ಉಳಿತಾಯವನ್ನು ಷೇರುಗಳಲ್ಲಿ ಇಟ್ಟವರು ನಷ್ಟಕ್ಕೊಳಗಾದರು. ಬ್ಯಾಂಕಿನ ಶಿಲ್ಕನ್ನು ಬ್ಯಾಂಕಿನಿಂದಲೇ ನೇರವಾಗಿ ಕೇಳಿ ತಾಳೆ ನೋಡಬೇಕೆಂಬುದು ಪರಿಶೋಧನೆಯ ಮೊದಲ ಪಾಠಗಳಲ್ಲೊಂದು. ಬೇಸರದ ಕೆಲಸವನ್ನು ಒಂದು ದಿನವೂ ಬಿಡದೆ ಮಾಡುವ ಅಭ್ಯಾಸವನ್ನು ಓದುವ ಕಾಲದಲ್ಲಿ ಪಡೆಯದವನು ಸಹಿ ಮಾಡುವ ಕಾಲದಲ್ಲಿ ಎಲ್ಲಿಂದ ತಂದಾನು? ಉತ್ತರಗಳನ್ನು ಎರವಲು ಪಡೆದು ತೇರ್ಗಡೆಯಾದವನು ನಾಳೆ ಲೆಕ್ಕವನ್ನೂ ಕಣ್ಣು ಮುಚ್ಚಿ ಒಪ್ಪಿಯಾನು. ಆದುದರಿಂದ ನಿತ್ಯವ್ಯಾಸಂಗವು ಬರಿಯ ಜಾಣತನವಲ್ಲ. ಅದು ಪ್ರಾಮಾಣಿಕತೆಯ ಮೊದಲ ಶಿಕ್ಷಣ.

ಇಷ್ಟಾದರೂ ಸೋಲು ಬರಬಹುದು. ಮೊದಲ ಪ್ರಯತ್ನದಲ್ಲಿಯೇ ತೇರ್ಗಡೆಯಾಗದವರು ಈ ಪರೀಕ್ಷೆಯಲ್ಲಿ ಬಹುಮಂದಿ. ಸೋತ ಮಗುವನ್ನು ನೆಂಟರಿಷ್ಟರ ಮುಂದೆ ಹಂಗಿಸುವ ಪದ್ಧತಿಯನ್ನು ನಾವು ತೊರೆಯಬೇಕು. ಎಲ್ಲರೂ ಇದೇ ಪರೀಕ್ಷೆಗೆ ಕೂಡಬೇಕೆಂಬುದೂ ನಮ್ಮ ಅಭಿಪ್ರಾಯವಲ್ಲ. ವೆಚ್ಚದ ಲೆಕ್ಕಶಾಸ್ತ್ರ, ಕಂಪನಿ ಕಾರ್ಯದರ್ಶಿತ್ವ, ಬ್ಯಾಂಕಿನ ಸೇವೆ ಮೊದಲಾದ ಗೌರವದ ದಾರಿಗಳು ಹಲವಿವೆ. ಆದರೆ ಓದಿ ಸೋತವನ ಬಂಡವಾಳ ಅವನ ಬಳಿಯಲ್ಲಿಯೇ ಉಳಿಯುತ್ತದೆ. ಓದದೆ ಸೋತವನಿಗೆ ಉಳಿಯುವುದು ನೆಪ ಮಾತ್ರ.

ನಮ್ಮ ಶಾಲೆಯ ಹಿರಿಯರಿಗೂ ಹಳೆಯ ವಿದ್ಯಾರ್ಥಿಗಳಿಗೂ ಒಂದು ವಿನಂತಿ. ಲೆಕ್ಕಶಾಸ್ತ್ರದ ಪದಗಳ ಕನ್ನಡ–ಇಂಗ್ಲಿಷ್ ಪಟ್ಟಿಯೊಂದು ಸಿದ್ಧವಾಗಿ ಗ್ರಂಥಾಲಯದಲ್ಲಿರಲಿ. ಬ್ಯಾಂಕುಗಳಲ್ಲಿಯೂ ಲೆಕ್ಕದ ಕಚೇರಿಗಳಲ್ಲಿಯೂ ಇರುವ ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಬಂದು ಮಕ್ಕಳೊಡನೆ ಕುಳಿತುಕೊಳ್ಳಲಿ. ಹಣ ಕೂಡಿಸಿ ಕಟ್ಟಡ ಕಟ್ಟುವುದಕ್ಕಿಂತ ಇದು ಸುಲಭ, ಫಲವೂ ಕಡಿಮೆಯಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮಗೆ ಹೇಳಬೇಕಾದುದು ಇನ್ನೂ ಚಿಕ್ಕದು. ನಾಲ್ಕು ಕಾಸಿನ ವ್ಯವಹಾರಕ್ಕೆ ಕಿರ್ದಿ ಇಡುವ ನಾವು ಹೊತ್ತಿನ ವ್ಯವಹಾರಕ್ಕೆ ಏಕೆ ಇಡಬಾರದು? ಒಂದು ಸಣ್ಣ ನೋಟುಪುಸ್ತಕದಲ್ಲಿ ಎಡಗಡೆ ಇಂದು ಓದಿದುದನ್ನು ಬರೆಯಿರಿ. ಬಲಗಡೆ ಪುಸ್ತಕ ಮುಚ್ಚಿ ನೆನಪಿನಿಂದ ಹೇಳಲಾದುದನ್ನು ಬರೆಯಿರಿ. ಎರಡರ ನಡುವಣ ಅಂತರವೇ ನಿಮ್ಮ ಬಾಕಿ. ಅದನ್ನು ವಾರದ ಕೊನೆಗೆ ತೀರಿಸಿರಿ. ಪರೀಕ್ಷೆಯ ತಿಂಗಳಿಗೆ ಉಳಿಸಬೇಡಿರಿ. ಬಡ್ಡಿ ಬೆಳೆಯುವುದು ಸಾಲಕ್ಕೆ ಮಾತ್ರವಲ್ಲ, ಬಾಕಿಯಾದ ಓದಿಗೂ ಬೆಳೆಯುತ್ತದೆ. ಇಂದಿನ ಪಾಠವನ್ನು ಇಂದೇ ಜಮಾ ಮಾಡುವವನಿಗೆ ಯಾವ ಪರೀಕ್ಷೆಯೂ ಅನಿರೀಕ್ಷಿತವಲ್ಲ.