ಕಂಪ್ಯೂಟರಿಗೆ ಸಂಸ್ಕೃತವೇ ಸೂಕ್ತ ಭಾಷೆ ಎಂದು ನಾಸಾ ಹೇಳಿದೆಯೇ?

‘ಕಂಪ್ಯೂಟರಿಗೆ ಅತ್ಯಂತ ಸೂಕ್ತ ಭಾಷೆ ಸಂಸ್ಕೃತ, ನಾಸಾ ಒಪ್ಪಿಕೊಂಡಿದೆ’ ಎಂಬ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ನಾಸಾ ಹಾಗೆ ಘೋಷಿಸಿಲ್ಲ. ಇದರ ಮೂಲ 1985ರಲ್ಲಿ ‘ಎಐ ಮ್ಯಾಗಜೀನ್’ನಲ್ಲಿ ಬಂದ ಲೇಖನ. ಬರೆದವರು ನಾಸಾದ ಏಮ್ಸ್ ಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್. ವಾಕ್ಯದ ಅರ್ಥ ಬಿಡಿಸುವ ಸಂಸ್ಕೃತ ಶಾಸ್ತ್ರಕಾರರ ವಿಧಾನ ಕೃತಕ ಬುದ್ಧಿಮತ್ತೆಯ ವಿಧಾನವನ್ನು ಹೋಲುತ್ತದೆ ಎಂಬುದು ಅವರ ವಾದ. ಅದು ಒಬ್ಬ ಸಂಶೋಧಕರ ಅಭಿಪ್ರಾಯ, ಸಂಸ್ಥೆಯ ತೀರ್ಮಾನವಲ್ಲ.

ಹಾಗಾದರೆ ಕಂಪ್ಯೂಟರಿಗೆ ಬೇಕಿರುವುದೇನು?

ಗೊಂದಲವಿಲ್ಲದ ನಿಯಮ. ‘ಹುಳಿಯಾರು + ಅಲ್ಲಿ’ ಸೇರಿದರೆ ‘ಹುಳಿಯಾರಲ್ಲಿ’. ಇಲ್ಲಿ ಉಕಾರ ಬಿಟ್ಟುಹೋಯಿತು, ಇದು ಲೋಪಸಂಧಿ. ‘ತುರುವೇಕೆರೆ + ಅಲ್ಲಿ’ ಸೇರಿದರೆ ‘ತುರುವೇಕೆರೆಯಲ್ಲಿ’. ಇಲ್ಲಿ ಯಕಾರ ಬಂತು, ಇದು ಆಗಮಸಂಧಿ. ಈ ಎರಡು ಪದಗಳಲ್ಲಿ ಕೊನೆಯ ಸ್ವರ ನೋಡಿದರೆ ಸಾಕು, ಹೆಚ್ಚು ನೆನಪು ಬೇಡ. ಇಷ್ಟು ಸರಳ ನಿಯಮಗಳ ವರ್ಗಕ್ಕೆ ‘ರೆಗ್ಯುಲರ್’ ಎಂದು ಹೆಸರು.

ಆದರೆ ((5+3)×2) ಎಂಬಂಥ ಲೆಕ್ಕದಲ್ಲಿ ತೆರೆದ ಪ್ರತಿ ಕಂಸವನ್ನೂ ಮುಚ್ಚಬೇಕು. ಎಷ್ಟು ತೆರೆದಿದ್ದೇವೆ ಎಂಬ ನೆನಪು ಬೇಕು. ತಿಪಟೂರಿನಲ್ಲಿ ಕೊಬ್ಬರಿ ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ: ಕೊನೆಗೆ ಇಟ್ಟದ್ದನ್ನು ಮೊದಲು ಇಳಿಸಬೇಕು. ಈ ವರ್ಗ ‘ಕಾಂಟೆಕ್ಸ್ಟ್-ಫ್ರೀ’. ಇಂಥ ವರ್ಗಗಳನ್ನು ವಿಂಗಡಿಸುವ ಕೆಲಸವನ್ನು ನೋಮ್ ಚಾಮ್‌ಸ್ಕಿ 1956ರಲ್ಲಿ ಶುರುಮಾಡಿದರು. ಫೋನಿನ ಆ್ಯಪ್‌ಗಳನ್ನು ಬರೆಯುವ ಭಾಷೆಗಳ ರಚನೆಯನ್ನು ಹೆಚ್ಚಾಗಿ ಈ ಎರಡನೇ ವರ್ಗದ ನಿಯಮಗಳಲ್ಲೇ ಹೇಳುತ್ತಾರೆ.

ಪಾಣಿನಿಯ ಹಿರಿಮೆ ಸುಳ್ಳೇ?

ಖಂಡಿತ ಅಲ್ಲ. ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಅವರು ಸುಮಾರು 4,000 ಸೂತ್ರಗಳಲ್ಲಿ ಇಡೀ ಭಾಷೆಯ ನಿಯಮ ಕಟ್ಟಿದರು. ಪ್ರೋಗ್ರಾಮಿಂಗ್ ಭಾಷೆಗಳ ನಿಯಮ ಬರೆಯುವ ‘ಬ್ಯಾಕಸ್’ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸೋಣ ಎಂದು 1967ರಲ್ಲಿ ಪೀಟರ್ ಇಂಗರ್‌ಮನ್ ಸೂಚಿಸಿದ್ದರು.

ಆದರೆ ಹೆಚ್ಚುಗಾರಿಕೆ ಇರುವುದು ಆ ವಿಧಾನದಲ್ಲಿ. ಅದು ಕನ್ನಡಕ್ಕೂ ಒಗ್ಗುತ್ತದೆ. 13ನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದ. 1604ರಲ್ಲಿ ಭಟ್ಟಾಕಳಂಕ ಕನ್ನಡದ ವ್ಯಾಕರಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಹಿಡಿದಿಟ್ಟ.

ಇದು ಬರೀ ಹಳೆಯ ಕಥೆಯಲ್ಲ. ‘ಕಂಪ್ಯೂಟರಿಗೆ ಕನ್ನಡ ಸರಿಬರದು’ ಎಂಬ ಮಾತನ್ನು ನಂಬಿ ಕೈಕಟ್ಟಿ ಕೂತರೆ, ಫೋನಿನಲ್ಲಿ ಕನ್ನಡ ಕಾಗುಣಿತ ತಿದ್ದುವ, ಕನ್ನಡದಲ್ಲಿ ಹುಡುಕುವ ಸೌಲಭ್ಯ ಹಿಂದುಳಿಯುತ್ತದೆ. ನಿಯಮ ಬರೆದುಕೊಟ್ಟರೆ ಕಂಪ್ಯೂಟರು ಯಾವ ಭಾಷೆಗೂ ಬೇಡ ಅನ್ನುವುದಿಲ್ಲ.

ಮುಂದಿನ ಸಲ ‘ನಾಸಾ ಹೇಳಿದೆ’ ಎಂಬ ಸಂದೇಶ ಬಂದರೆ ಕೇಳಿ: ಯಾರು, ಯಾವಾಗ, ಎಲ್ಲಿ ಬರೆದರು? ಉತ್ತರ ಸಿಗುವವರೆಗೆ ಫಾರ್ವರ್ಡ್ ಮಾಡಬೇಡಿ. ಪಾಣಿನಿಗೆ ನಾಸಾದ ಸರ್ಟಿಫಿಕೇಟು ಬೇಕಿಲ್ಲ.