ಗೂಬೆಯೂ ಪುಕ್ಕಟೆಯಲ್ಲ, ಹತ್ತು ನಿಮಿಷವೂ ಪುಕ್ಕಟೆಯಲ್ಲ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರ ನಡುವೆ ಎರಡು ವಿಷಯಕ್ಕೆ ಜಗಳ ಮುಗಿಯೋದೇ ಇಲ್ಲ. ಒಂದು, ಮಂತ್ರವನ್ನು ರಿಚುವಲ್ ಆಗಿ ಹಾಕೋದು. ಇನ್ನೊಂದು, ಮಂತ್ರವಾದಿ ಹೆಗಲ ಮೇಲೆ ಕೂತಿರುವ ಫೆಮಿಲಿಯರ್. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಎರಡೂ ಒಳ್ಳೆ ರೂಲ್‌ಗಳೇ. ಆದರೆ ಅವುಗಳ ಬೆಲೆಯನ್ನು ನಮ್ಮ ಟೇಬಲ್‌ಗಳಲ್ಲಿ ಯಾರೂ ವಸೂಲಿ ಮಾಡ್ತಿಲ್ಲ. ನಷ್ಟ ಆಗೋದು ಮಂತ್ರವಾದಿಗಲ್ಲ, ಪಕ್ಕದಲ್ಲಿ ಸುಮ್ಮನೆ ಕೂತಿರೋ ಆಟಗಾರನಿಗೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ. ಒಬ್ಬರು ಡಂಜನ್ ಮಾಸ್ಟರ್, ಅಂದರೆ ಕಥೆ ನಡೆಸುವವರು. ಉಳಿದವರಿಗೆ ತಲೆಗೊಂದು ಪಾತ್ರ. ಏನು ಮಾಡ್ತೀನಿ ಅಂತ ನೀವು ಬಾಯಲ್ಲಿ ಹೇಳಬೇಕು, ಆಯ್ತೋ ಇಲ್ವೋ ಅನ್ನೋದನ್ನ ದಾಳ ಹೇಳುತ್ತೆ. 2014ರಲ್ಲಿ ಐದನೇ ಆವೃತ್ತಿ ಬಂತು, 2024ರಲ್ಲಿ ಅದರ ಪರಿಷ್ಕೃತ ರೂಪವೂ ಬಂತು. ನಾನಿಲ್ಲಿ 2014ರ ರೂಲ್ ಹಿಡಿದು ಮಾತಾಡ್ತೀನಿ.

ಮೊದಲ ಲೆವೆಲ್‌ನ ಮಂತ್ರವಾದಿಗೆ ಇರೋದು ಎರಡೇ ಎರಡು ಸ್ಪೆಲ್ ಸ್ಲಾಟ್. ಎರಡು ಮಂತ್ರ ಹಾಕಿದರೆ ಆ ದಿನದ ಬಂಡವಾಳ ಬಹುತೇಕ ಖಾಲಿ. ಹಾಗಾಗಿ ಕೆಲವು ಮಂತ್ರಗಳಿಗೆ ರಿಚುವಲ್ ಅನ್ನೋ ಇನ್ನೊಂದು ದಾರಿ ಕೊಟ್ಟಿದ್ದಾರೆ. ಮಾಮೂಲಿಗಿಂತ ಹತ್ತು ನಿಮಿಷ ಹೆಚ್ಚು ಕೂತು ಮಂತ್ರ ಹಾಕಿದರೆ ಸ್ಲಾಟ್ ಖರ್ಚಾಗಲ್ಲ. ಮಂತ್ರವಾದಿಗಂತೂ ಬೆಳಿಗ್ಗೆ ಆ ಮಂತ್ರವನ್ನು ತಯಾರು ಮಾಡಿಟ್ಟುಕೊಂಡಿರಬೇಕು ಅಂತಲೂ ಇಲ್ಲ, ಅವನ ಪುಸ್ತಕದಲ್ಲಿ ಬರೆದಿದ್ದರೆ ಸಾಕು. ಮಾಯೆ ಎಲ್ಲಿದೆ ಅಂತ ಪತ್ತೆ ಹಚ್ಚುವ ಡಿಟೆಕ್ಟ್ ಮ್ಯಾಜಿಕ್, ಗೊತ್ತಿಲ್ಲದ ಭಾಷೆ ಅರ್ಥ ಮಾಡಿಸುವ ಕಾಂಪ್ರಿಹೆಂಡ್ ಲ್ಯಾಂಗ್ವೇಜಸ್, ಎಂಟು ಗಂಟೆ ನಿದ್ದೆಗೆ ಗುಮ್ಮಟ ಕಟ್ಟಿಕೊಡುವ ಟೈನಿ ಹಟ್ ಎಲ್ಲವೂ ಈ ಪಟ್ಟಿಯಲ್ಲಿವೆ.

ನೋಡಿ, ಇದು ಇಂಜಿನಿಯರಿಂಗ್ ಓದುವವರಿಗೆ ಚೆನ್ನಾಗಿ ಗೊತ್ತಿರೋ ಟ್ರೇಡ್‌ಆಫ್. ಸ್ಲಾಟ್ ಉಳಿಸಬೇಕಾ, ಸಮಯ ಕೊಡು. ಸಮಯ ಉಳಿಸಬೇಕಾ, ಸ್ಲಾಟ್ ಕೊಡು. ಆದರೆ ಸಮಯವನ್ನು ಯಾರೂ ಲೆಕ್ಕವೇ ಇಡದಿದ್ದರೆ ತಕ್ಕಡಿಯ ಒಂದು ತಟ್ಟೆಯೇ ಇಲ್ಲದ ಹಾಗೆ. "ರಿಚುವಲ್ ಆಗಿ ಹಾಕ್ತೀನಿ." "ಸರಿ, ಹತ್ತು ನಿಮಿಷ ಆಯ್ತು." ಅಷ್ಟೇ. ಆ ಹತ್ತು ನಿಮಿಷದಲ್ಲಿ ಗುಹೆಯೊಳಗಿನ ಗಾಬ್ಲಿನ್‌ಗಳು ಉಸಿರು ಬಿಗಿಹಿಡಿದು ಕಾಯ್ತಾ ನಿಂತಿದ್ದವಾ?

ಹಳೇ ರೂಲ್‌ಗಳಲ್ಲಿ ಈ ತೊಂದರೆ ಇರಲಿಲ್ಲ. 1981ರ ಬೇಸಿಕ್ ಆವೃತ್ತಿಯಲ್ಲಿ ಡಂಜನ್ ಒಳಗೆ ಕಾಲ ನಡೆಯೋದೇ ಹತ್ತು ನಿಮಿಷದ ಟರ್ನ್‌ಗಳಲ್ಲಿ. ಒಂದು ಪಂಜು ಆರು ಟರ್ನ್ ಉರಿದು ಆರಿಹೋಗುತ್ತೆ. ಎರಡು ಟರ್ನ್‌ಗೊಮ್ಮೆ ಮಾಸ್ಟರ್ ಆರು ಮುಖದ ದಾಳ ಹಾಕ್ತಾರೆ, 1 ಬಿದ್ದರೆ ಅಲೆದಾಡುತ್ತಿರುವ ಯಾವುದೋ ಪ್ರಾಣಿ ಬಂತು ಅಂತಲೇ. ಇಂದಿನ ರಿಚುವಲ್‌ನ ಹತ್ತು ನಿಮಿಷ ಸರಿಯಾಗಿ ಅಂಥ ಒಂದು ಟರ್ನ್. ಗಡಿಯಾರ ತೆಗೆದುಹಾಕಿ ಹತ್ತು ನಿಮಿಷ ಮಾತ್ರ ಉಳಿಸಿಕೊಂಡರೆ ಅದಕ್ಕೆ ಅರ್ಥ ಎಲ್ಲಿಂದ ಬರಬೇಕು?

ಈಗ ಗೂಬೆಗೆ ಬರೋಣ. ಫೈಂಡ್ ಫೆಮಿಲಿಯರ್ ಮೊದಲ ಲೆವೆಲ್‌ನ ಮಂತ್ರ. ಹಿತ್ತಾಳೆಯ ಅಗ್ಗಿಷ್ಟಿಕೆಯಲ್ಲಿ ಹತ್ತು ಚಿನ್ನದ ನಾಣ್ಯ ಬೆಲೆಬಾಳುವ ಇದ್ದಿಲು, ಧೂಪ, ಗಿಡಮೂಲಿಕೆ ಸುಡಬೇಕು. ಒಂದು ಗಂಟೆಯ ಕೆಲಸ, ರಿಚುವಲ್ ಆದರೆ ಒಂದು ಗಂಟೆ ಹತ್ತು ನಿಮಿಷ. ಬರೋದು ನಿಜವಾದ ಪ್ರಾಣಿಯಲ್ಲ, ಪ್ರಾಣಿಯ ರೂಪ ತೊಟ್ಟ ಒಂದು ಚೇತನ. ಕಪ್ಪೆ, ಇಲಿ, ಬೆಕ್ಕು, ಆಕ್ಟೋಪಸ್ ಯಾವುದು ಬೇಕಾದರೂ ಆಗಬಹುದು. ಆದರೂ ಬಹಳ ಜನ ಗೂಬೆಯನ್ನೇ ಆರಿಸ್ತಾರೆ. ಯಾಕಂದ್ರೆ ಗೂಬೆ ಹಾರುತ್ತೆ, ಕತ್ತಲಲ್ಲಿ 120 ಅಡಿವರೆಗೆ ನೋಡುತ್ತೆ, ಶತ್ರುವಿನ ಪಕ್ಕದಿಂದ ಹಾರಿಹೋದರೂ ಅವನಿಗೆ ತಿರುಗಿ ಹೊಡೆಯುವ ಅವಕಾಶ ಸಿಗಲ್ಲ. 2014ರ ಪುಸ್ತಕದ ಬೆಕ್ಕಿಗೆ ಕತ್ತಲಲ್ಲಿ ಕಣ್ಣೇ ಕಾಣಲ್ಲ ಅನ್ನೋದು ಬೇರೆ ತಮಾಷೆ!

ಗೂಬೆ ಸತ್ತರೆ? ಮಾಯ ಆಗುತ್ತೆ, ಇನ್ನೊಂದು ಹತ್ತು ನಾಣ್ಯ ಸುಟ್ಟರೆ ವಾಪಸ್ ಬರುತ್ತೆ. 1978ರ ಅಡ್ವಾನ್ಸ್ಡ್ ಆವೃತ್ತಿಯಲ್ಲಿ ಹೀಗಿರಲಿಲ್ಲ. ಅಲ್ಲಿ ಯಾವ ಪ್ರಾಣಿ ಬರುತ್ತೆ ಅಂತ ದಾಳ ಹೇಳ್ತಿತ್ತು. ಅದು ಸತ್ತರೆ ಅದರ ಹಿಟ್ ಪಾಯಿಂಟ್‌ನ ಎರಡರಷ್ಟನ್ನು ಒಡೆಯ ಶಾಶ್ವತವಾಗಿ ಕಳೆದುಕೊಳ್ತಿದ್ದ. 2000ದ ಮೂರನೇ ಆವೃತ್ತಿಯಲ್ಲಿ ಅನುಭವದ ಅಂಕ ಕಳೆದುಹೋಗ್ತಿತ್ತು, ಇನ್ನೊಂದನ್ನು ಕರೆಯೋಕೆ ಒಂದು ವರ್ಷ ಒಂದು ದಿನ ಕಾಯಬೇಕಿತ್ತು. ನಮ್ಮ ಅಜ್ಜಿಕಥೆಯ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯೊಳಗೆ ಇರುತ್ತಲ್ಲ, ಹೆಚ್ಚೂಕಮ್ಮಿ ಅದೇ ಲೆಕ್ಕ. ಆ ಗಿಳಿಯನ್ನು ಯಾವ ರಾಕ್ಷಸನೂ ಬೋನು ಪರೀಕ್ಷೆ ಮಾಡೋಕೆ ಕಳಿಸಲ್ಲ.

ಈ ಕಲ್ಪನೆಯ ಮೂಲದಲ್ಲೂ ಬೆಲೆ ದೊಡ್ಡದೇ. ಇಂಗ್ಲೆಂಡಿನ ಚೆಮ್ಸ್‌ಫರ್ಡ್‌ನಲ್ಲಿ 1566ರಲ್ಲಿ ಆಗ್ನೆಸ್ ವಾಟರ್‌ಹೌಸ್ ಎಂಬ ಹೆಂಗಸನ್ನು ಮಾಟಗಾತಿ ಅಂತ ಗಲ್ಲಿಗೇರಿಸಿದರು. ಅವಳ ಮೇಲಿನ ಆರೋಪಗಳ ನಡುವೆ ಸೇಟನ್ ಹೆಸರಿನ ಒಂದು ಬೆಕ್ಕೂ ಇತ್ತು. 1604ರ ಕಾನೂನಿನಲ್ಲಂತೂ ದುಷ್ಟ ಚೇತನವನ್ನು ಸಾಕಿ ಉಣಿಸೋದೇ ಮರಣದಂಡನೆಯ ಅಪರಾಧ. ಬೆಕ್ಕು ಸಾಕಿದ ಬಡ ಮುದುಕಿಯರು ಜೀವ ತೆತ್ತ ಕಥೆಯಿಂದ ಬಂದ ಕಲ್ಪನೆ ಇವತ್ತು ಹತ್ತು ನಾಣ್ಯದ ಡ್ರೋನ್ ಆಗಿದೆ.

ಹಳೇ ಶಿಕ್ಷೆಗಳನ್ನೇ ವಾಪಸ್ ತನ್ನಿ ಅಂತ ನಾನು ಹೇಳ್ತಿಲ್ಲ. ಅಷ್ಟು ಹೆದರಿಸಿದರೆ ಯಾರೂ ಫೆಮಿಲಿಯರ್ ಇಟ್ಕೊಳ್ಳೋದೇ ಇಲ್ಲ. ನನ್ನ ತಕರಾರು ಬೇರೆ. ಐದು ಜನ ಕೂತಿರೋ ಟೇಬಲ್‌ನಲ್ಲಿ ಒಬ್ಬ ರೋಗ್ ಇರ್ತಾನೆ, ಅಂದರೆ ಕಳ್ಳ. ಅವನು ಆ ಪಾತ್ರ ಆರಿಸಿದ್ದೇ ಸದ್ದಿಲ್ಲದೆ ಮುಂದೆ ಹೋಗಿ ನೋಡಿಬರೋಕೆ. ಪ್ರತಿ ಸಲವೂ ಗೂಬೆ ಮೊದಲು ಹೋಗಿ ಬಂದರೆ, ಮಾಯೆಯ ಬಾಗಿಲನ್ನೆಲ್ಲ ಪುಕ್ಕಟೆ ರಿಚುವಲ್ ಪತ್ತೆ ಹಚ್ಚಿದರೆ, ಅವನು ಮೂರು ಗಂಟೆ ಮೊಬೈಲ್ ನೋಡ್ತಾ ಕೂರ್ತಾನೆ. ಮುಂದಿನ ವಾರ ಬರಲ್ಲ. ಟೇಬಲ್‌ಗಳು ಮುಚ್ಚೋದು ಹೀಗೇನೇ.

ಹೊಸ ರೂಲ್ ಏನೂ ಬೇಡ, ಮೂರು ಅಭ್ಯಾಸ ಸಾಕು. ಒಂದು, ಹಾಳೆಯ ಮೇಲೆ ಆರು ಚೌಕ ಬರೆಯಿರಿ. ಚೌಕಕ್ಕೆ ಹತ್ತು ನಿಮಿಷ, ಆರಕ್ಕೆ ಒಂದು ಗಂಟೆ. ಒಂದು ರಿಚುವಲ್ ಆದರೆ ಒಂದು ಚೌಕಕ್ಕೆ ಗೀಟು, ಎರಡು ಚೌಕಕ್ಕೊಮ್ಮೆ ದಾಳ. ಆಗ "ರಿಚುವಲ್ಲಾ, ಸ್ಲಾಟಾ" ಅನ್ನೋ ಪ್ರಶ್ನೆಗೆ ಮತ್ತೆ ಜೀವ ಬರುತ್ತೆ.

ಎರಡು, ಪುಸ್ತಕದಲ್ಲಿ ಇರೋ ಮಿತಿಗಳನ್ನೇ ಓದಿ. ಗೂಬೆಯ ಜೊತೆ ಮನಸ್ಸಿನಲ್ಲೇ ಮಾತಾಡೋಕೆ ಆಗೋದು 100 ಅಡಿ ಒಳಗೆ ಮಾತ್ರ. ಅದರ ಕಣ್ಣಿಂದ ನೋಡುವಷ್ಟು ಹೊತ್ತು ಒಡೆಯ ಕುರುಡ, ಕಿವುಡ. ಗೂಬೆಯ ಬುದ್ಧಿಯ ಅಂಕ 2, ಸಾಧಾರಣ ಮನುಷ್ಯನದು 10. ಅದಕ್ಕೆ ಕೈಯಿಲ್ಲ, ಬಾಗಿಲು ತೆಗೆಯಲ್ಲ. ಮುಂದೆ ಏನಿದೆ ಅಂತ ಗೂಬೆ ತೋರಿಸಲಿ, ಆ ದಾರ ಯಾವ ಬೋನಿಗೆ ಕಟ್ಟಿದೆ ಅನ್ನೋದನ್ನ ಕಳ್ಳನೇ ಹೋಗಿ ನೋಡಲಿ.

ಮೂರು, ಗೂಬೆಗೆ ಒಂದು ಹೆಸರಿಡಿ, ಮತ್ತು ಅದರ ಪಾತ್ರವನ್ನು ಮಂತ್ರವಾದಿಯಲ್ಲದ ಇನ್ನೊಬ್ಬ ಆಟಗಾರನಿಗೆ ಕೊಡಿ. ಅದು ಒಂದು ಚೇತನ ತಾನೇ, ಅದಕ್ಕೂ ಒಂದು ಸ್ವಭಾವ ಇರಲಿ. ಆಜ್ಞೆ ಪಾಲಿಸುತ್ತೆ, ಗೊಣಗ್ತಾ ಪಾಲಿಸಲಿ. ಕನ್ನಡದಲ್ಲಿ ಆಡುವವರಿಗೆ ಇಲ್ಲಿ ಇನ್ನೂ ಮಜಾ ಇದೆ. ಒಂದು ಗೂಬೆ ಮಂಡ್ಯದ ಮಾತಾಡಲಿ, ಇನ್ನೊಂದು ಧಾರವಾಡದ್ದು ಆಡಲಿ. ಫೆಮಿಲಿಯರ್ ಅನ್ನೋ ಪದಕ್ಕೆ ಒಡನಾಡಿ ಅನ್ನಬಹುದು ಅಂತ ನನಗನಿಸುತ್ತೆ. ಒಡನಾಡಿ ಅಂತ ಕರೆದ ಮೇಲೆ ಅದನ್ನ ಬೋನಿಗೆ ನೂಕೋಕೆ ಸ್ವಲ್ಪ ಮನಸ್ಸು ಹಿಂಜರಿಯುತ್ತೆ.

"ಹೀಗೆ ಮಾಡಿದ್ರೆ ಆಟ ನಿಧಾನ ಆಗುತ್ತೆ" ಅಂತಾರೆ. ಒಂದು ಗೀಟು ಎಳೆಯೋಕೆ ಎಷ್ಟು ಹೊತ್ತು ಬೇಕು? "ಮಂತ್ರವಾದಿಗೆ ಶಿಕ್ಷೆ ಕೊಟ್ಟಂಗಾಯ್ತು" ಅಂತಲೂ ಅಂತಾರೆ. ಈ ಮಾತಲ್ಲಿ ಸ್ವಲ್ಪ ಸತ್ಯ ಇದೆ. ಕಂಡ ಕಂಡಲ್ಲೆಲ್ಲ ಬಾಣ ಬಿಟ್ಟು ಗೂಬೆ ಕೊಲ್ಲುವ ಮಾಸ್ಟರ್ ಲೆಕ್ಕ ಇಡ್ತಿಲ್ಲ, ಸೇಡು ತೀರಿಸ್ಕೊಳ್ತಿದಾರೆ. ಆದರೆ ಸುರಂಗದೊಳಗೆ ಮೂರನೇ ಸಲ ಅದೇ ಗೂಬೆ ಹಾರಿ ಬಂದರೆ ಗಾಬ್ಲಿನ್‌ಗೂ ಅನುಮಾನ ಬರಬೇಕು ತಾನೇ? ಅದಕ್ಕೆ ಮಾಸ್ಟರ್ ಮೇಲೆ ಗೂಬೆ ಕೂರಿಸೋದು ಬೇಡ.

ಬೆಲೆ ಇಲ್ಲದ ಕಡೆ ಆಯ್ಕೆಯೂ ಇರಲ್ಲ, ಆಯ್ಕೆ ಇಲ್ಲದ ಆಟ ಬೇಗ ಬೇಜಾರಾಗುತ್ತೆ. ಮುಂದಿನ ಸಲ ಆಡೋಕೆ ಕೂತಾಗ ಆ ಆರು ಚೌಕ ಬರೆದು ನೋಡಿ. ಮೊಬೈಲ್ ಹಿಡಿದು ಕೂತಿದ್ದ ಕಳ್ಳ ಅದನ್ನ ಕೆಳಗಿಟ್ಟು ದಾಳ ಕೈಗೆ ತಗೋತಾನಾ ಅನ್ನೋದನ್ನೂ ಗಮನಿಸಿ.