ಆರ್ಡುಯಿನೋ ಕಲಿಯಲು ಲ್ಯಾಪ್‌ಟಾಪ್ ಇರಲೇಬೇಕೇ? ಮೊಬೈಲ್‌ನಿಂದ ಪ್ರೋಗ್ರಾಂ ಹಾಕುವುದು ಹೇಗೆ?

‘ಆರ್ಡುಯಿನೋ ಪ್ರಾಜೆಕ್ಟ್ ಮಾಡಲು ಲ್ಯಾಪ್‌ಟಾಪ್ ಬೇಕೇ ಬೇಕು’ ಎನ್ನುವವರಿದ್ದಾರೆ. ‘ಬ್ಲೂಟೂತ್ ಇದ್ದರೆ ಸಾಕು, ಯಾವ ಬೋರ್ಡಿಗಾದರೂ ಮೊಬೈಲ್‌ನಿಂದ ಪ್ರೋಗ್ರಾಂ ಕಳಿಸಬಹುದು’ ಎನ್ನುವವರೂ ಇದ್ದಾರೆ. ಎರಡೂ ಪೂರ್ತಿ ಸರಿಯಲ್ಲ. ಲ್ಯಾಪ್‌ಟಾಪ್ ಇಲ್ಲದೆಯೂ ಕಲಿಯಬಹುದು. ಆದರೆ ಯಾವ ಬೋರ್ಡಿಗೆ ಯಾವ ದಾರಿ ಎಂದು ತಿಳಿದಿರಬೇಕು.

ಇದು ಏಕೆ ಮುಖ್ಯ?

ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ಅಟಲ್ ಇನೋವೇಶನ್ ಮಿಷನ್ ಅಡಿಯಲ್ಲಿ 6ರಿಂದ 12ನೇ ತರಗತಿಯ ಮಕ್ಕಳಿಗಾಗಿ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಬಂದವು. ಮುಂದಿನ 5 ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇಂಥ 50,000 ಲ್ಯಾಬ್ ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಹೇಳಿತು. ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯಂಥ ಊರಿನಲ್ಲಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇರುವ ಮಗು ಸಿಗುವಷ್ಟು ಸುಲಭವಾಗಿ ಲ್ಯಾಪ್‌ಟಾಪ್ ಇರುವ ಮಗು ಸಿಗುವುದಿಲ್ಲ. ಕಂಪ್ಯೂಟರ್ ಕೋಣೆ ತೆರೆದಾಗ ಮಾತ್ರ ಕಿಟ್ ಮುಟ್ಟಬೇಕು ಎಂದಾದರೆ ಕಲಿಕೆ ಆ ಬಾಗಿಲಲ್ಲೇ ನಿಂತುಬಿಡುತ್ತದೆ.

ರಿಮೋಟ್ ಬೇರೆ, ಅಪ್‌ಲೋಡ್ ಬೇರೆ

ವಿಜ್ಞಾನ ಮೇಳಗಳಲ್ಲಿ ಮೊಬೈಲ್‌ನಿಂದ ಓಡಿಸುವ ಬ್ಲೂಟೂತ್ ಕಾರು ನೋಡಿರುತ್ತೀರಿ. ಅಲ್ಲಿ ಮೊಬೈಲ್ ಪ್ರೋಗ್ರಾಂ ಕಳಿಸುತ್ತಿಲ್ಲ. ‘ಮುಂದೆ’, ‘ಹಿಂದೆ’ ಎಂದು ಸೂಚಿಸುವ ಒಂದೊಂದು ಅಕ್ಷರ ಕಳಿಸುತ್ತದೆ, ಅಷ್ಟೇ. ಆ ಅಕ್ಷರ ಬಂದಾಗ ಏನು ಮಾಡಬೇಕು ಎಂಬ ಪ್ರೋಗ್ರಾಂ ಬೋರ್ಡಿನಲ್ಲಿ ಮೊದಲೇ ಕೂತಿರುತ್ತದೆ.

ಅಪ್‌ಲೋಡ್ ಎಂದರೆ ಆ ಪ್ರೋಗ್ರಾಂ ಅನ್ನೇ ಕೂರಿಸುವುದು. ನಾವು ಬರೆದದ್ದನ್ನು ಆ್ಯಪ್ ಮೊದಲು ಚಿಪ್‌ಗೆ ಅರ್ಥವಾಗುವ ಸಂಕೇತವಾಗಿ ಬದಲಿಸುತ್ತದೆ. ಆಮೇಲೆ ಬೋರ್ಡನ್ನು ರೀಸೆಟ್ ಮಾಡುತ್ತದೆ. ಆರ್ಡುಯಿನೋ ಊನೋದಲ್ಲಿ ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಂ ಇದೆ. ರೀಸೆಟ್ ಆದೊಡನೆ ಅದು ‘ಹೊಸದೇನಾದರೂ ಬರುತ್ತಿದೆಯೇ?’ ಎಂದು ಕ್ಷಣಕಾಲ ಕಾಯುತ್ತದೆ. ಬಂದರೆ 32 ಕಿಲೋಬೈಟ್‌ನ ಫ್ಲ್ಯಾಶ್ ಮೆಮೊರಿಯಲ್ಲಿ ಬರೆದಿಡುತ್ತದೆ. ಕರೆಂಟ್ ಹೋದರೂ ಅದು ಅಳಿಯುವುದಿಲ್ಲ.

ಮೂರು ದಾರಿಗಳು

1. ಒಟಿಜಿ ಕೇಬಲ್: ಆರ್ಡುಯಿನೋ ಊನೋ, ನ್ಯಾನೋ ಬೋರ್ಡುಗಳಿಗೆ ಇದೇ ಭರವಸೆಯ ದಾರಿ. ಕಂಪ್ಯೂಟರ್‌ಗೆ ಸಿಕ್ಕಿಸಿದಾಗ ಮೊಬೈಲ್ ಅತಿಥಿ, ಒಟಿಜಿ ಹಾಕಿದಾಗ ಮೊಬೈಲೇ ಯಜಮಾನ. ಆರ್ಡುಯಿನೋಡ್ರಾಯ್ಡ್‌ನಂಥ ಆ್ಯಂಡ್ರಾಯ್ಡ್ ಆ್ಯಪ್‌ನಲ್ಲಿ ಪ್ರೋಗ್ರಾಂ ಬರೆದು, ಇಂಟರ್ನೆಟ್ ಇಲ್ಲದೆಯೂ ಅಪ್‌ಲೋಡ್ ಮಾಡಬಹುದು. ಕೇಬಲ್ ಸಿಕ್ಕಿಸಿದಾಗ ಫೋನ್ ಅನುಮತಿ ಕೇಳಿದರೆ ಕೊಡಬೇಕು. ಐಫೋನ್‌ನಲ್ಲಿ ಈ ದಾರಿ ನಡೆಯುವುದಿಲ್ಲ.

2. ಬ್ಲೂಟೂತ್: ಮೈಕ್ರೋಬಿಟ್ ಬೋರ್ಡನ್ನು ಶಾಲೆಗೆಂದೇ ರೂಪಿಸಲಾಗಿದೆ. ಬ್ರಿಟನ್ನಿನಲ್ಲಿ 2016ರಲ್ಲಿ ಬಿಬಿಸಿ ಇದನ್ನು ಶಾಲಾ ಮಕ್ಕಳಿಗೆ ಉಚಿತವಾಗಿ ಹಂಚಿತ್ತು. ಎ ಮತ್ತು ಬಿ ಗುಂಡಿಗಳನ್ನು ಒತ್ತಿ ಹಿಡಿದು, ರೀಸೆಟ್ ಒತ್ತಿ ಬಿಟ್ಟರೆ ಜೋಡಣೆಗೆ ಸಿದ್ಧವಾಗುತ್ತದೆ. ಆಮೇಲೆ ಪ್ರೋಗ್ರಾಂ ಗಾಳಿಯಲ್ಲೇ ಹೋಗುತ್ತದೆ. ಇದರ ಆ್ಯಪ್ ಐಫೋನ್‌ಗೂ ಇದೆ.

3. ವೈಫೈ: ಇಎಸ್‌ಪಿ32 ಬೋರ್ಡಿಗೆ ಇದು ಸಾಧ್ಯ. ಆದರೆ ಮೊದಲ ಸಲ ಕೇಬಲ್‌ನಿಂದಲೇ ಪ್ರೋಗ್ರಾಂ ಹಾಕಬೇಕು. ವೈಫೈ ಮೂಲಕ ಹೊಸದನ್ನು ಪಡೆಯುವ ಭಾಗ ಅದರಲ್ಲಿರಬೇಕು. ಮುಂದಿನ ಪ್ರೋಗ್ರಾಂನಲ್ಲಿ ಆ ಭಾಗ ಬಿಟ್ಟುಹೋದರೆ ಮತ್ತೆ ಕೇಬಲ್ಲೇ ಗತಿ.

ಅಪ್‌ಲೋಡ್ ಆಗದಿದ್ದರೆ?

ಬೋರ್ಡ್ ಕೆಟ್ಟಿದೆ ಎಂದು ಮೂಲೆಗಿಡುವ ಮೊದಲು ನಾಲ್ಕು ವಿಷಯ ನೋಡಿ. ಕೇಬಲ್ ಬರೀ ಚಾರ್ಜಿಂಗ್‌ನದ್ದೇ? ಅದರಲ್ಲಿ ಡೇಟಾ ತಂತಿ ಇರುವುದಿಲ್ಲ. ಬೋರ್ಡಿನ ದೀಪ ಉರಿಯುತ್ತದೆ, ಪ್ರೋಗ್ರಾಂ ಮಾತ್ರ ಹೋಗುವುದಿಲ್ಲ. ಫೋನ್ ಸೆಟ್ಟಿಂಗ್ಸ್‌ನಲ್ಲಿ ಒಟಿಜಿ ಆಫ್ ಆಗಿದೆಯೇ? ಆ್ಯಪ್‌ನಲ್ಲಿ ಬೇರೆ ಬೋರ್ಡಿನ ಹೆಸರು ಆಯ್ಕೆಯಾಗಿದೆಯೇ? ಎಚ್‌ಸಿ-05 ಬ್ಲೂಟೂತ್ ಮಾಡ್ಯೂಲ್ 0 ಮತ್ತು 1ನೇ ಪಿನ್‌ಗಳಲ್ಲಿದೆಯೇ? ಊನೋಗೆ ಪ್ರೋಗ್ರಾಂ ಬರುವುದೂ ಅದೇ ಪಿನ್‌ಗಳ ಮೂಲಕ. ಹಾಗಾಗಿ ಅಪ್‌ಲೋಡ್ ಮುಗಿಯುವವರೆಗೆ ಮಾಡ್ಯೂಲ್ ತೆಗೆದಿಡಿ.

‘ಪದೇ ಪದೇ ಅಪ್‌ಲೋಡ್ ಮಾಡಿದರೆ ಚಿಪ್ ಸವೆಯುತ್ತದೆ’ ಎಂಬ ಭಯ ಬೇಡ. ಊನೋದ ಫ್ಲ್ಯಾಶ್ ಮೆಮೊರಿಗೆ ತಯಾರಕರು ಹೇಳುವ ಮಿತಿ 10,000 ಸಲ. ದಿನಕ್ಕೆ 10 ಸಲ ಬರೆದರೂ 1,000 ದಿನ ಬರುತ್ತದೆ.

ನಿಜವಾದ ಅಪಾಯ ಎಲ್ಲಿದೆ?

‘ಬೋರ್ಡ್ ಸಿಕ್ಕಿಸಿದರೆ ಫೋನ್ ಸುಟ್ಟುಹೋಗುತ್ತದೆ’ ಎಂದು ಮನೆಯವರು ಹೆದರುವುದುಂಟು. ಬರೀ ಬೋರ್ಡ್ ಎಳೆಯುವ ಕರೆಂಟ್ ತೀರಾ ಕಡಿಮೆ, ಅದರಿಂದ ತೊಂದರೆಯಿಲ್ಲ. ಆದರೆ ಮೋಟಾರು, ಪಂಪು ಹೆಚ್ಚು ಕರೆಂಟ್ ಎಳೆಯುತ್ತವೆ. ಅವುಗಳಿಗೆ ಬೇರೆ ಬ್ಯಾಟರಿ ಕೊಡಿ, ಫೋನಿನ ಭಾರ ಹೆಚ್ಚಿಸಬೇಡಿ.

ಮೆಕ್ಕೆಜೋಳ ಬೆಳೆಯುವ ಈ ಸೀಮೆಯಲ್ಲಿ, ಮಣ್ಣಿನ ತೇವ ನೋಡಿ ತಾನಾಗಿ ನೀರು ಬಿಡುವ ಪ್ರಾಜೆಕ್ಟ್ ಮಕ್ಕಳಿಗೆ ಇಷ್ಟವಾಗುವುದು ಸಹಜ. ಅಪ್‌ಲೋಡ್ ಆಗುವಾಗ ಬೋರ್ಡ್ ರೀಸೆಟ್ ಆಗುವುದರಿಂದ ರಿಲೇ ಹಠಾತ್ತನೆ ಆನ್ ಆಗಬಹುದು. ಆ ರಿಲೇಗೆ 230 ವೋಲ್ಟ್ ಲೈನ್ ಇದ್ದರೆ ಜೀವಕ್ಕೇ ಅಪಾಯ. ತರಗತಿಯಲ್ಲಿ 5 ವೋಲ್ಟ್‌ನ ಪುಟ್ಟ ಪಂಪಿನಲ್ಲೇ ತೋರಿಸಿ. ಮನೆಯ ಕರೆಂಟಿನ ಲೈನ್ ಮಕ್ಕಳ ಪ್ರಾಜೆಕ್ಟಿಗೆ ಬೇಡವೇ ಬೇಡ.

ಇನ್ನೊಂದು ಎಚ್ಚರಿಕೆ ಫಾರ್ವರ್ಡ್ ಮಾಡುವವರಿಗೆ. ‘ಆರ್ಡುಯಿನೋ ಆ್ಯಪ್’ ಎಂದು ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲ್ ಇನ್‌ಸ್ಟಾಲ್ ಮಾಡಬೇಡಿ. ಇಂಥ ಫೈಲುಗಳ ಮೂಲಕ ಒಟಿಪಿ ಕದ್ದು ಬ್ಯಾಂಕ್ ಖಾತೆ ಖಾಲಿ ಮಾಡುವ ವಂಚಕರಿದ್ದಾರೆ, ಮತ್ತು ಮಗುವಿನ ಕೈಯಲ್ಲಿರುವ ಫೋನ್ ಸಾಮಾನ್ಯವಾಗಿ ಅಪ್ಪ ಅಮ್ಮನದು. ಪ್ಲೇ ಸ್ಟೋರ್‌ನಿಂದಲೇ ತೆಗೆದುಕೊಳ್ಳಿ.

ಒಟ್ಟಿನಲ್ಲಿ

ದೊಡ್ಡ ಪ್ರೋಗ್ರಾಂ ಬರೆಯಲು, ತಪ್ಪು ಹುಡುಕಲು ಕಂಪ್ಯೂಟರ್‌ನ ದೊಡ್ಡ ಪರದೆಯೇ ಹೆಚ್ಚು ಅನುಕೂಲ. ಆದರೆ ದೀಪ ಮಿನುಗಿಸುವುದು, ತೇವ ಅಳೆಯುವುದು, ಕಾರು ಓಡಿಸುವುದು ಇವಕ್ಕೆಲ್ಲ ಮನೆಯ ಆ್ಯಂಡ್ರಾಯ್ಡ್ ಫೋನ್, ಒಂದು ಒಟಿಜಿ ಅಡಾಪ್ಟರ್ ಮತ್ತು ಡೇಟಾ ಹರಿಯುವ ಒಂದು ಕೇಬಲ್ ಸಾಕು. ಲ್ಯಾಪ್‌ಟಾಪ್ ಬರಲಿ ಎಂದು ಕಿಟ್ ಅನ್ನು ಬೀರುವಿನಲ್ಲಿ ಇಟ್ಟು ಕಾಯಬೇಕಿಲ್ಲ.